ಆಯ್ತು ಎಂದ ಮೇಲೆ ಎಳೆಯುವ ಗೆರೆ

೩ ಫೆಬ್ರವರಿ

ಮೈದುನನಿಗೆ,

ಹನ್ನೊಂದು ತಿಂಗಳಾಯಿತು. ಫೋನ್ ಮಾಡಿದರೆ ಎತ್ತುವುದಿಲ್ಲ. ಎತ್ತಿದ ಎರಡು ಸಲವೂ "ಸಿಗ್ನಲ್ ಇಲ್ಲ ಅತ್ತಿಗೆ, ಕೇಳಿಸ್ತಿಲ್ಲ" ಎಂದು ಗಂಟೆ ಹೊಡೆದಷ್ಟು ಸ್ಪಷ್ಟವಾಗಿ ಹೇಳಿ ಇಟ್ಟೆ. ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ಪತ್ರಕ್ಕೆ ಸಿಗ್ನಲ್ ಬೇಕಿಲ್ಲ.

ಕ್ಲಬ್ಬಿನ ಮೀಸೆ ಸೆಕ್ರೆಟರಿ ಮನೆಗೆ ಬಂದಿದ್ದರು. ಏಪ್ರಿಲ್ ಇಪ್ಪತ್ತಕ್ಕೆ ಮತ್ತೆ ರೇಸ್ ಶುರು ಮಾಡುತ್ತಾರಂತೆ, ನಿಮ್ಮಣ್ಣನ ನೆನಪಿಗೆ. ಒಂದು ಸುತ್ತಾದರೂ ಎಮ್ಮೆ ಟ್ರ್ಯಾಕ್ ಮೇಲೆ ಓಡಬೇಕು ಎಂದರು. ಅತ್ತೆ ಒಳಗಿನಿಂದಲೇ "ಎಮ್ಮೆ ಯಾವುದು?" ಎಂದು ಕೇಳಿದರು. ಮನೆಯಲ್ಲಿ ಮೂರು ವರ್ಷ ಊಟದ ಮೇಜು ಆಕ್ರಮಿಸಿಕೊಂಡಿದ್ದ ಹನ್ನೆರಡು ಕಿಲೋ ರಿಮೋಟ್ ಗಾಡಿ ಅವರಿಗೆ ಗೊತ್ತಿಲ್ಲದ್ದೇನಲ್ಲ. ಆ ಹೆಸರನ್ನು ಯಾರೂ ಹೇಳದೆ ಬಹಳ ದಿನವಾಗಿತ್ತು, ಅಷ್ಟೆ.

ಪೊಲೀಸರು ಗಾಡಿ ತುಂಬಿ ವಾಪಸು ಕೊಟ್ಟ ಗೋಣಿಚೀಲ ಹಾಗೆಯೇ ಮಂಚದ ಕೆಳಗಿದೆ. "ರೇಡಿಯೋ ಕೆಟ್ಟು ನಿಯಂತ್ರಣ ತಪ್ಪಿದೆ" ಎಂದು ಒಂದು ಸಾಲು ಬರೆದು ಅವರು ಕೈತೊಳೆದುಕೊಂಡರು. ಚೀಲವನ್ನು ನಾನಿನ್ನೂ ಬಿಚ್ಚಿಲ್ಲ. ಈ ವಾರ ಬಿಚ್ಚುತ್ತೇನೆ. ಗಾಡಿಯನ್ನು ರೇಸಿಗೆ ನಾನೇ ಸಿದ್ಧಮಾಡುತ್ತೇನೆ. ನಗಬೇಡ. ಫ್ಯಾಕ್ಟರಿಯಲ್ಲಿ ನೂರಿಪ್ಪತ್ತು ಹೊಲಿಗೆ ಯಂತ್ರ ನನ್ನ ಸುಪರ್ದಿಯಲ್ಲಿವೆ. ಸ್ಕ್ರೂಡ್ರೈವರ್ ಹಿಡಿಯುವುದನ್ನು ನನಗೆ ಕಲಿಸಬೇಕಿಲ್ಲ. ಆದರೆ ಈ ಪ್ರಾಣಿಯ ಒಳಗು ನನಗೆ ಗೊತ್ತಿಲ್ಲ. ನೀನು ಹಂತ ಹಂತವಾಗಿ ಬರೆದು ತಿಳಿಸು, ಏನನ್ನೂ ಬಿಡದೆ.

ಓಡಿಸುವವರು ಯಾರು ಎಂದು ಕೇಳಬೇಡ. ಅದು ಆಮೇಲಿನ ಮಾತು.

ಅತ್ತೆಯ ಕಣ್ಣಿನ ಪೊರೆ ಬಲಿತಿದೆ. ಅಕ್ಷರ ಕಾಣುವುದಿಲ್ಲ. ನಿನ್ನ ಪತ್ರ ಬಂದರೆ ಓದಿ ಹೇಳಬೇಕು ಎಂದಿದ್ದಾರೆ, ಅದನ್ನು ನೆನಪಿಟ್ಟುಕೊಂಡು ಬರಿ.

ನಿನ್ನ ಅತ್ತಿಗೆ


೧೬ ಫೆಬ್ರವರಿ

ಅತ್ತಿಗೆಗೆ ಮತ್ತು ಅಮ್ಮನಿಗೆ ನಮಸ್ಕಾರ.

ಕಲ್ಲು ಕ್ವಾರಿಗೆ ವಾರಕ್ಕೊಮ್ಮೆ ಡೀಸೆಲ್ ಲಾರಿ ಬರುತ್ತದೆ. ಅದರ ಜೊತೆ ನಿಮ್ಮ ಪತ್ರ ಬಂತು. ಚಾಲಕ ಕವರನ್ನು ತಿರುಗಿಸಿ ತಿರುಗಿಸಿ ನೋಡಿ, "ಯಾರೋ ಕಾಗದ ಬರೆದಿದಾರಲ್ಲೋ ನಿಂಗೆ, ಏನ್ ಕೇಸು?" ಎಂದ. ಇಲ್ಲಿ ಕಾಗದ ಬರುವುದು ಕೋರ್ಟಿನಿಂದ ಮಾತ್ರ. ನಾನು ಜನರೇಟರ್ ನೋಡಿಕೊಳ್ಳುತ್ತೇನೆ. ಹಗಲೆಲ್ಲ ಅದರ ಸದ್ದು. ಯಾರೂ ಯಾರ ಜೊತೆಗೂ ಮಾತಾಡುವ ಅಗತ್ಯವಿಲ್ಲ. ನನಗೆ ಒಗ್ಗಿದೆ.

ಬೇಡ ಅತ್ತಿಗೆ. ಗಾಡಿಯನ್ನು ಗುಜರಿಗೆ ಹಾಕಿಬಿಡಿ. ಮೀಸೆ ಸೆಕ್ರೆಟರಿಗೆ ಬೇರೆ ಕೆಲಸವಿಲ್ಲ.

ಇಷ್ಟು ಬರೆದು ಕವರಿಗೆ ಹಾಕಿದ್ದೆ. ಲಾರಿ ಹೋಗಲು ಇನ್ನೂ ಹೊತ್ತಿತ್ತು, ತೆಗೆದು ಮತ್ತೆ ಬರೆಯುತ್ತಿದ್ದೇನೆ. ನೀವು ಹಿಡಿದ ಹಟ ಬಿಡುವವರಲ್ಲ. ನಾನು ಹೇಳದಿದ್ದರೆ ನೀವೇ ಏನೇನೋ ಬಿಚ್ಚುತ್ತೀರಿ.

ಮೊದಲು ಟ್ಯಾಂಕ್. ಅದು ಒಡೆದಿತ್ತು, ಹೊಸದು ಬೇಕು. ಗಾಳಿಯ ಫಿಲ್ಟರಿನ ಸ್ಪಂಜನ್ನು ಸಾಬೂನಿನಲ್ಲಿ ತೊಳೆದು ಒಣಗಿಸಿ, ಎಣ್ಣೆ ಹಚ್ಚಿ ಹಿಂಡಿ. ಒಂದು ಚಿಟಿಕೆ ಧೂಳು ಒಳಗೆ ಹೋದರೂ ಎಂಜಿನ್ ಹೋಯಿತೆಂದೇ ಲೆಕ್ಕ. ಆಮೇಲೆ ನಾಲ್ಕೂ ಚಕ್ರ ತೆಗೆದು ತೋಳುಗಳನ್ನು ನೋಡಿ. ಮುಂದಿನ ಎಡಗಡೆಯದು ಬಾಗಿರಬೇಕು. ಶಾಕ್ ಅಬ್ಸಾರ್ಬರ್‌ಗಳ ಎಣ್ಣೆ ಚೆಲ್ಲಿ ಹೊಸದು ತುಂಬಿ. ತುಂಬಿದ ಮೇಲೆ ಗುಳ್ಳೆ ಮೇಲೆ ಬರುವವರೆಗೆ ಕಾಯಿರಿ. ಅಣ್ಣ ಹತ್ತು ನಿಮಿಷ ಅದನ್ನೇ ನೋಡುತ್ತ ಕೂರುತ್ತಿದ್ದ. "ಹಾಲು ಉಕ್ಕೋದನ್ನ ಒಂದಿನ ಹೀಗೆ ನೋಡಿದ್ರೆ ನನ್ನ ಒಲೆ ಉಳೀತಿತ್ತು" ಎಂದು ನೀವು ಅಡುಗೆಮನೆಯಿಂದ ಕೂಗುತ್ತಿದ್ದಿರಿ.

ನಮ್ಮ ಕಟ್ಟಳೆ ನಿಮಗೆ ನೆನಪಿದ್ದೇ ಇದೆ. ಸ್ಕ್ರೂವಿಗೆ ಒಂದು ಹನಿ ನೀಲಿ ಗೋಂದು, ಆಮೇಲೆ ಬಿಗಿ ಮಾಡುವುದು, ಬಿಗಿ ಮಾಡಿದವನು ಗಟ್ಟಿಯಾಗಿ "ಆಯ್ತು" ಎನ್ನುವುದು. ಆಗ ಇನ್ನೊಬ್ಬರು ಮುಟ್ಟಿ ನೋಡಿ ಸ್ಕ್ರೂವಿನ ತಲೆಯಿಂದ ಪಕ್ಕದ ಲೋಹಕ್ಕೆ ಒಂದೇ ಗೆರೆ ಎಳೆಯುವುದು. ಸ್ಕ್ರೂ ಎಳ್ಳಷ್ಟು ತಿರುಗಿದರೂ ಗೆರೆ ಎರಡಾಗಿ ಕಾಣಬೇಕು. ಬಿಗಿ ಮಾಡಿದವನು ಗೆರೆ ಎಳೆಯಬಾರದು. ಚಕ್ರ, ತೋಳು, ಚಾಸಿ ನಿಮ್ಮ ಪಾಲು, ಬಿಳಿ ಗೆರೆ. ಉಗುರಿಗೆ ಒಮ್ಮೆಯೂ ಹಚ್ಚದ ಆ ಉಗುರು ಬಣ್ಣದ ಶೀಶೆ ಕೊನೆಗೆ ಎಮ್ಮೆಗೆ ಸಂದಿತು. ಎಂಜಿನ್ನು ಮತ್ತು ರೇಡಿಯೋ ಪೆಟ್ಟಿಗೆ ನಮ್ಮಿಬ್ಬರದು, ಹಳದಿ ಪೆನ್ನು. ಈಗ ನೀವು ಒಬ್ಬರೇ. ಅಮ್ಮನ ಕೈಗೆ ಶೀಶೆ ಕೊಡಿ, ಅವಳು ತನ್ನ ಸೀರೆಗೂ ಎಳೆದುಕೊಳ್ಳುತ್ತಾಳೆ.

ರೇಡಿಯೋ ಪೆಟ್ಟಿಗೆ ಮುಟ್ಟಬೇಡಿ. ಅದು ಒಡೆದಿದೆ. ಹಾಗೆಯೇ ಬಿಸಾಕಿ ಹೊಸದು ತರಿಸಿ.

ನಿಮ್ಮ ಮೈದುನ


೨೭ ಫೆಬ್ರವರಿ

ಮೈದುನನಿಗೆ,

ಅತ್ತೆಗೆ ಓದಿ ಹೇಳಿದೆ. ಸೀರೆಯ ಮಾತಿಗೆ ನಕ್ಕರು. ಹನ್ನೊಂದು ತಿಂಗಳಲ್ಲಿ ಅದೇ ಮೊದಲು. ಕೂಡಲೇ ಬಾಯಿ ಮುಚ್ಚಿಕೊಂಡರು, ಏನೋ ಬೀಳಿಸಿದವರ ಹಾಗೆ.

ಚೀಲ ಬಿಚ್ಚಿದೆ. ವಾರದ ರಜೆಯ ದಿನ ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ ಕೆಲಸ ಮಾಡುತ್ತೇನೆ. ನೀನು ಹೇಳಿದ ಹಾಗೆಯೇ ಮುಂದಿನ ಎಡ ತೋಳು ಬಾಗಿತ್ತು. ಕ್ಲಬ್ಬಿನಿಂದ ಒಂದು ತರಿಸಿ ಹಾಕಿದೆ. ಶಾಕುಗಳಿಗೆ ಎಣ್ಣೆ ತುಂಬಿ ಗುಳ್ಳೆ ನೋಡುತ್ತ ಕೂತೆ. ಹತ್ತು ನಿಮಿಷ ಹೇಗೆ ಹೋಯಿತೆಂದು ಗೊತ್ತಾಗಲಿಲ್ಲ. ಅವರು ಯಾಕೆ ಹಾಗೆ ಕೂರುತ್ತಿದ್ದರೆಂದು ಈಗ ಗೊತ್ತಾಗಿ ಏನು ಉಪಯೋಗ? ಆಗ ಒಂದು ದಿನ ಪಕ್ಕದಲ್ಲಿ ಕೂರಬಹುದಿತ್ತು.

ಇನ್ನೊಂದು ವಿಷಯ. ಇದನ್ನು ಅತ್ತೆಗೆ ಹೇಳಿಲ್ಲ. ಮುಂದಿನ ಬಂಪರಿನ ಸೀಳಿನಲ್ಲಿ ಹೆಬ್ಬೆರಳಗಲ ಬಟ್ಟೆ ಸಿಕ್ಕಿಕೊಂಡಿತ್ತು. ಕಂದು ಬಣ್ಣದ ಓರೆ ನೇಯ್ಗೆ, ಅಂಚಿನಲ್ಲಿ ಎರಡು ಸಾಲು ಹೊಲಿಗೆ. ಅವರ ಆ ಪ್ಯಾಂಟಿನ ಕಾಲನ್ನು ಒಂದಿಂಚು ಮಡಿಸಿ ಹೊಲಿದವಳು ನಾನೇ. ಇಕ್ಕಳದಿಂದ ತೆಗೆಯಲು ಹೋದೆ, ಆಗಲಿಲ್ಲ. ಬ್ಲೇಡಿನಿಂದ ಕತ್ತರಿಸಿ ತೆಗೆಯಬೇಕಾಯಿತು.

ಆವತ್ತು ಅವರು ತಿರುವಿನಲ್ಲಿ ಮಗುಚಿದ ಇನ್ನೊಬ್ಬರ ಗಾಡಿಯನ್ನು ಎತ್ತಿ ನಿಲ್ಲಿಸಲು ಬಗ್ಗಿದ್ದರು, ಬೆನ್ನು ಟ್ರ್ಯಾಕಿನ ಕಡೆಗಿತ್ತು. ಅಷ್ಟು ಎಲ್ಲರೂ ಹೇಳಿದ್ದಾರೆ. ಪ್ರತಿ ಗಾಡಿಯ ಮೆಕ್ಯಾನಿಕ್ಕೂ ಒಂದೊಂದು ತಿರುವಿನಲ್ಲಿ ನಿಲ್ಲಬೇಕೆಂಬ ನಿಯಮ ಕ್ಲಬ್ಬಿನದು. ನಿಂತರು. ಓಡಿಸುತ್ತಿದ್ದವನು ನೀನು. ಗಾಡಿ ಕಣಕಾಲಿಗೆ ಬಡಿಯಿತು, ತಲೆ ಕಾಂಕ್ರೀಟಿನ ಅಂಚಿಗೆ. ಇದೆಲ್ಲ ಗೊತ್ತು. ಗಾಡಿ ಯಾಕೆ ನಿಲ್ಲಲಿಲ್ಲ ಎಂಬುದನ್ನು ಮಾತ್ರ ಯಾರೂ ಹೇಳಿಲ್ಲ.

ಮುಂದಿನದು ಬರಿ. ಎಂಜಿನ್.

ನಿನ್ನ ಅತ್ತಿಗೆ


೯ ಮಾರ್ಚ್

ಅತ್ತಿಗೆಗೆ, ಅಮ್ಮನಿಗೆ,

ಎಂಜಿನ್ ಬಗ್ಗೆ ಬರೆಯಲು ನನಗೆ ಖುಷಿ, ಸುಳ್ಳು ಯಾಕೆ ಹೇಳಲಿ. ಇಲ್ಲಿನ ಜನರೇಟರು ಆನೆ. ನಮ್ಮದು ಇಪ್ಪತ್ತಾರು ಸಿಸಿ, ಎರಡು ಮುಷ್ಟಿಯಲ್ಲಿ ಹಿಡಿಯುವಷ್ಟು. ಆದರೆ ಕೊಸರಾಟ ಮಾತ್ರ ಆನೆಗಿಂತ ಹೆಚ್ಚು.

ಸ್ಪಾರ್ಕ್ ಪ್ಲಗ್ ತೆಗೆದು ನೋಡಿ. ತುದಿ ಕಂದು ಬಣ್ಣವಿದ್ದರೆ ಸರಿ, ಕರ್ರಗಿದ್ದರೆ ಎಣ್ಣೆ ಹೆಚ್ಚು, ಬೆಳ್ಳಗಿದ್ದರೆ ಹಸಿದಿದೆ. ಪ್ಲಗ್ಗಿನ ರಂಧ್ರದಿಂದ ಎರಡು ಹನಿ ಎಣ್ಣೆ ಬಿಟ್ಟು, ಎಂಜಿನ್ ಶುರುಮಾಡುವ ದಾರ ಮೆಲ್ಲಗೆ ಎಳೆದು ಒಳಗೆಲ್ಲ ಹರಡಲಿ ಎಂದು ಬಿಡಿ. ಒಂದು ವರ್ಷ ಮಲಗಿದ್ದ ಜೀವ. ಕ್ಲಚ್ಚಿನ ಎರಡು ಕಿವಿಗಳು ಸವೆದಿದ್ದರೆ ಬದಲಿಸಿ. ಬ್ರೇಕಿನ ತಟ್ಟೆಗೆ ಎಣ್ಣೆ ತಾಗಿದ್ದರೆ ಮರಳುಕಾಗದದಿಂದ ಉಜ್ಜಿ. ಪೆಟ್ರೋಲು ಒಂದು ಲೀಟರಿಗೆ ಟೂ-ಸ್ಟ್ರೋಕ್ ಎಣ್ಣೆ ನಲವತ್ತು ಮಿಲಿ. ಅಂದಾಜಿನಲ್ಲಿ ಸುರಿಯಬೇಡಿ. ಔಷಧಿ ಮುಚ್ಚಳದಲ್ಲಿ ಅಳೆಯಿರಿ.

ಈಗ ದಾರ ಎಳೆಯುವ ವಿದ್ಯೆ. ಚೋಕ್ ಮುಚ್ಚಿ, ಪೆಟ್ರೋಲು ಮೇಲೆಳೆಯುವ ರಬ್ಬರ್ ಗುಬ್ಬಿಯನ್ನು ಆರು ಸಲ ಒತ್ತಿ. ಎಡಗೈಯಿಂದ ಚಾಸಿ ಒತ್ತಿ ಹಿಡಿದು, ಬಲಗೈಯಿಂದ ದಾರವನ್ನು ಮೊದಲು ಬಿಗಿ ಸಿಗುವವರೆಗೆ ಮೆಲ್ಲಗೆ, ಆಮೇಲೆ ಒಂದೇ ಸಲ ಚುರುಕಾಗಿ ಎಳೆಯಿರಿ, ಆದರೆ ಪೂರ್ತಿ ಉದ್ದಕ್ಕಲ್ಲ. ಪೂರ್ತಿ ಎಳೆದರೆ ದಾರ ಕೈಗೆ ಬರುತ್ತದೆ, ಅಣ್ಣನ ಕೈಗೆ ಮೂರು ಸಲ ಬಂದಿತ್ತು. ಮೂರನೆಯ ಸಲ ಹಿಂದೆ ನಿಂತಿದ್ದ ಮೀಸೆ ಸೆಕ್ರೆಟರಿಯ ಚಹಾ ಲೋಟಕ್ಕೆ ಮೊಣಕೈ ಬಡಿದು, ಆ ಮೀಸೆಗೆ ಒಂದು ವಾರ ಬರ್ನಾಲ್ ಹಚ್ಚಿಕೊಂಡು ಓಡಾಡಿದರು. ಎಂಜಿನ್ ಒಮ್ಮೆ ಕೆಮ್ಮುತ್ತದೆ. ಆಗ ಚೋಕ್ ತೆರೆದು ಮತ್ತೆ ಎಳೆಯಿರಿ. ಹಿಡಿಯುತ್ತದೆ. ಹಿಡಿದಾಗ ಚಕ್ರಗಳು ನೆಲಕ್ಕೆ ತಾಗದಂತೆ ಗಾಡಿ ಸ್ಟ್ಯಾಂಡಿನ ಮೇಲಿರಲಿ. ಸದ್ದು ಕೇಳಿ. ತುಪ್ಪದಲ್ಲಿ ಏನೋ ಕರಿದ ಹಾಗೆ ಚಟಪಟ ಅಂದರೆ ಪೆಟ್ರೋಲು ಹೆಚ್ಚು. ಕಿರುಚಿದರೆ ಕಡಿಮೆ. ಕಾರ್ಬುರೇಟರಿನ ಸೂಜಿಯನ್ನು ಗಡಿಯಾರದ ಮುಳ್ಳು ಐದು ನಿಮಿಷ ಚಲಿಸುವಷ್ಟು ಮಾತ್ರ ತಿರುಗಿಸಿ.

ರೇಡಿಯೋ ಪೆಟ್ಟಿಗೆಯನ್ನು ಮುಚ್ಚಿದಂತೆಯೇ ಇಡಿ. ಎಂಜಿನ್ ಪರೀಕ್ಷೆಗೆ ಅದು ಬೇಕಿಲ್ಲ. ಕಾರ್ಬುರೇಟರಿನ ಕೊಂಡಿಯನ್ನು ಬೆರಳಲ್ಲೇ ತಳ್ಳಬಹುದು.

ಮೂರು ಪುಟ ಆಗಿಹೋಯಿತು. ಇಷ್ಟು ಮಾತು ನಾನು ಒಂದು ವರ್ಷದಲ್ಲಿ ಆಡಿಲ್ಲ. ಅಮ್ಮನಿಗೆ ಹೇಳಿ, ಊಟ ಚೆನ್ನಾಗಿ ಮಾಡುತ್ತಿದ್ದೇನೆ. ಕಣ್ಣಿನ ಆಪರೇಷನ್ ಮುಂದೂಡಬೇಡಿ. ದಿನಾಂಕ ತಿಳಿಸಿ. ನೀವು ಒಪ್ಪಿದರೆ ಆ ಹೊತ್ತಿಗೆ ಎರಡು ದಿನ ಬಂದು ಹೋಗುತ್ತೇನೆ.

ನಿಮ್ಮ ಮೈದುನ


೧೮ ಮಾರ್ಚ್

ಮೈದುನನಿಗೆ,

ಎಂಜಿನ್ ಹಿಡಿಯಿತು. ಹದಿನೇಳನೆಯ ಎಳೆತಕ್ಕೆ. ಅಂಗಳದಲ್ಲಿ ಸ್ಟ್ಯಾಂಡಿನ ಮೇಲೆ ನಾಲ್ಕು ಚಕ್ರವೂ ಗಾಳಿಯಲ್ಲಿ ತಿರುಗಿದವು. ನಗು ಬರುತ್ತಿತ್ತು. ತಿರುಗಿ ನೋಡಿದರೆ ಅತ್ತೆ ಬಾಗಿಲಲ್ಲಿ ಎರಡೂ ಕಿವಿ ಮುಚ್ಚಿಕೊಂಡು ನೆಲದ ಮೇಲೆ ಕೂತಿದ್ದರು. ಆವತ್ತು ಅವರೂ ಟ್ರ್ಯಾಕಿನ ಪಕ್ಕ ಕುರ್ಚಿಯಲ್ಲಿದ್ದರು, ನನಗೆ ಮರೆತೇಹೋಗಿತ್ತು. ಕಣ್ಣು ಕಾಣದವರಿಗೆ ಉಳಿದಿರುವುದು ಆ ಸದ್ದೇ. ಗುಂಡಿ ಒತ್ತಿ ಆರಿಸಿದೆ.

ಈಗ ನನ್ನ ಮಾತು ಕೇಳು. ದಾರ ಎಳೆಯುವುದಕ್ಕೆ ನೀನು ಒಂದು ಪುಟ ಬರೆದೆ. ಮೀಸೆಗೆ ಐದು ಸಾಲು ಬರೆದೆ. ರೇಡಿಯೋ ಪೆಟ್ಟಿಗೆಗೆ ಎರಡು ಪತ್ರದಲ್ಲೂ ಒಂದೇ ಮಾತು: ಮುಟ್ಟಬೇಡಿ. ಒಂದು ಯಂತ್ರದ ಮುಂದೆ ಕೂತ ಹೆಂಗಸು "ಇದೊಂದನ್ನ ಬಿಟ್ಟು ಬೇರೆ ಎಲ್ಲಾ ನೋಡಿ ಮೇಡಂ" ಎಂದರೆ ನಾನು ಮೊದಲು ಬಿಚ್ಚುವುದು ಅದನ್ನೇ. ಇಪ್ಪತ್ತು ವರ್ಷದ ಅಭ್ಯಾಸ.

ಬಿಚ್ಚಿದೆ. ಟ್ಯಾಂಕ್ ಒಡೆದಾಗ ಸೋರಿದ ಎಣ್ಣೆ, ಮಣ್ಣು ಎಲ್ಲ ಒಳಗೆ ಸೇರಿ ಗಟ್ಟಿಯಾಗಿ ಮೆತ್ತಿಕೊಂಡಿದೆ. ನೀನು ರಿಮೋಟ್ ಒತ್ತಿದಾಗ ಕೊಂಡಿಯನ್ನು ಎಳೆಯುವ ಆ ಚಿಕ್ಕ ಮೋಟಾರಿನ ಮೇಲೆ ಒಂದು ತೋಳಿರುತ್ತದಲ್ಲ, ಅದನ್ನು ಹಿಡಿದಿಡುವುದು ನಡುವಿನ ಒಂದೇ ಒಂದು ಸ್ಕ್ರೂ. ಆ ಸ್ಕ್ರೂ ಪೆಟ್ಟಿಗೆಯ ತಳದಲ್ಲಿ ಬಿದ್ದಿತ್ತು. ತೋಳು ಮೇಲೆದ್ದು ಮುಚ್ಚಳಕ್ಕೆ ಸಿಕ್ಕಿಕೊಂಡಿತ್ತು, ಪೂರ್ತಿ ವೇಗದ ಕಡೆಗೆ. ಸ್ಕ್ರೂವಿನ ಎಳೆಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ನೀಲಿ ಗೋಂದಿನ ಕುರುಹೂ ಇಲ್ಲ. ಒಣ ಒಣ. ಆದರೆ ತಲೆಯ ಮೇಲೆ ಅರ್ಧ ಗೆರೆ ಇದೆ, ತೋಳಿನ ಮೇಲೆ ಇನ್ನರ್ಧ.

ಗೋಂದಿಲ್ಲದ, ಬಿಗಿಯಿಲ್ಲದ ಸ್ಕ್ರೂವಿಗೆ ಗೆರೆ ಎಳೆದವರು ಯಾರು? ಕೊಳೆ ಮೆತ್ತಿ ಗೆರೆ ಕಪ್ಪಾಗಿದೆ. ಪೆಟ್ಟಿಗೆಯ ಒಳಗೆ ನಿಮ್ಮಿಬ್ಬರನ್ನು ಬಿಟ್ಟು ಯಾರೂ ಕೈ ಹಾಕುವವರಿಲ್ಲ. ಒಬ್ಬರು ಹೋದರು. ಉಳಿದವನು ನೀನು. ಸ್ಕ್ರೂ, ತೋಳು ಎರಡನ್ನೂ ಕರವಸ್ತ್ರದಲ್ಲಿ ಕಟ್ಟಿ ಇಟ್ಟಿದ್ದೇನೆ, ಒರೆಸಿಲ್ಲ.

ಸೆಕ್ರೆಟರಿ ಬಂದದ್ದು ನಿಜ. ನಾನು ಒಪ್ಪಿದ್ದು ಬಾಯಿಮಾತಿಗೆ. ರೇಸಿನ ಆಸೆ ನನಗಿರಲಿಲ್ಲ. ನೀನು ಯಾವುದನ್ನು ಬರೆಯದೆ ಬಿಡುತ್ತೀಯೋ ನೋಡಬೇಕಿತ್ತು, ಅಷ್ಟೆ. ಬಿಟ್ಟೆ. ಈಗ ಬಾಯಿ ಬಿಡು.


೨೬ ಮಾರ್ಚ್

ಅತ್ತಿಗೆ,

ಆ ಹಳದಿ ಗೆರೆ ನನ್ನದೇ.

ಬೆಳಿಗ್ಗೆ ಪರೀಕ್ಷೆಯಲ್ಲಿ ತೋಳು ಒಂದು ಹಲ್ಲು ಓರೆ ಕೂತಿತ್ತು. ತೆಗೆದು ಸರಿಯಾಗಿ ಕೂರಿಸಿದೆ. ರಿಮೋಟ್ ಒತ್ತದಿದ್ದಾಗ ತೋಳು ನಿಲ್ಲುವ ನಡುಮಟ್ಟ ಸರಿಯಿದೆಯೋ ನೋಡಿ ಮತ್ತೆ ಬಿಚ್ಚಬೇಕಾಗಬಹುದೆಂದು ಸ್ಕ್ರೂವನ್ನು ಎರಡು ಸುತ್ತು ಮಾತ್ರ ತಿರುಗಿಸಿ ಬಿಟ್ಟಿದ್ದೆ. ಗೋಂದು ಆಮೇಲೆ ಎಂದುಕೊಂಡೆ. ಓಟಕ್ಕೆ ನಮ್ಮ ಸರದಿ ಕೂಗಿದರು. ಅವಸರದಲ್ಲಿ ಗೆರೆ ನಾನೇ ಎಳೆದು ಮುಚ್ಚಳ ಹಾಕಿದೆ. ಬಿಗಿ ಮಾಡಿದವನು ಗೆರೆ ಎಳೆಯಬಾರದೆಂಬ ಕಟ್ಟಳೆ ಮುರಿದವನು ನಾನು. ಅಣ್ಣ ಗೆರೆ ನೋಡಿ ನಂಬಿದ.

ನಾಲ್ಕನೆಯ ಸುತ್ತಿನಲ್ಲಿ ಕೈ ಬಿಟ್ಟರೂ ವೇಗ ಇಳಿಯಲಿಲ್ಲ. ರಿಮೋಟನ್ನೇ ಆರಿಸಿದೆ. ಆರಿಸಿದರೆ ತಾನಾಗಿಯೇ ಬ್ರೇಕ್ ಹಿಡಿಯಬೇಕು. ಒಳಗೆ ಮೋಟಾರು ತಿರುಗಿರುತ್ತದೆ, ತೋಳು ತಿರುಗಲಿಲ್ಲ. ಕಿರುಚಿದೆ. ಎಂಜಿನ್ ಸದ್ದಿನಲ್ಲಿ ಅಣ್ಣನಿಗೆ ಕೇಳಿಸಲಿಲ್ಲ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಎಲ್ಲರೆದುರು "ನೀನೇ ಕೊಂದೆ" ಎಂದಿರಿ. ಆಗ ತಲೆ ತಗ್ಗಿಸಿ ನಿಂತಿದ್ದೆ. ಈಗ ಬರೆದು ಕೊಡುತ್ತಿದ್ದೇನೆ. ಬೇಕಾದವರಿಗೆ ತೋರಿಸಿ.

ಅಮ್ಮನಿಗೆ ಇದನ್ನು ಓದಬೇಡಿ ಎಂದು ಕೇಳುವ ಹಕ್ಕು ನನಗಿಲ್ಲ.


೨ ಏಪ್ರಿಲ್

ಓದಿದೆ. ಅಕ್ಷರ ಬಿಡದೆ ಓದಿದೆ.

ಅತ್ತೆ ಎರಡು ಸಲ ಓದಿಸಿದರು. ಆಮೇಲೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ: "ಗಾಡಿ ಹೊಡೀತು ಅಂತ ಇಷ್ಟು ದಿನ ಗಾಡೀನ ಬೈಕೊಂಡೆ. ಒಂದು ಸ್ಕ್ರೂ ತಿರುಗಿಸೋಕೆ ಪುರುಸೊತ್ತಿರಲಿಲ್ವಾ ಅವನಿಗೆ? ಇನ್ಮೇಲೆ ಅವನು ಈ ಹೊಸ್ತಿಲು ತುಳೀಬಾರದು. ನನ್ನ ಕಣ್ಣಿನ ಪೊರೆ ತೆಗಿಸೋ ದಿನ ಅಂತೂ ಬರಲೇಬಾರದು. ಕಣ್ಣು ಬಿಟ್ಟು ಮೊದಲು ಅವನ ಮುಖ ನೋಡೋದಾದ್ರೆ ನಂಗೆ ಕಣ್ಣೇ ಬೇಡ."

ನನಗೆ ಸೇರಿಸಲು ಏನೂ ಇಲ್ಲ. ಒಂದು ವರ್ಷ ಎದೆಯೊಳಗೆ ಕಲ್ಲಿಟ್ಟುಕೊಂಡು ಓಡಾಡಿದೆ. ಉತ್ತರ ಸಿಕ್ಕಿದರೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಅದಕ್ಕೂ ನಿನ್ನ ಮೇಲೆಯೇ ಸಿಟ್ಟು.

ಇನ್ನು ಬರೆಯಬೇಡ.


೯ ಏಪ್ರಿಲ್

ಅತ್ತಿಗೆ,

ಬರೆಯಬೇಡ ಎಂದಿದ್ದೀರಿ. ಇದೊಂದು. ಲಾರಿ ಚಾಲಕ ಕಾಯುತ್ತಿದ್ದಾನೆ.

ಅಮ್ಮ ಹೇಳಿದ್ದು ಸರಿ. ಬರುವುದಿಲ್ಲ. ಆಪರೇಷನ್ ಮಾತ್ರ ಮಾಡಿಸಿ.

ಗಾಡಿಯನ್ನು ಯಾರಾದರೂ ಓಡಿಸುವುದಾದರೆ ತೋಳು ಕೈಕೊಟ್ಟರೂ ತಾನೇ ಮುಚ್ಚಿಕೊಳ್ಳುವಂತೆ ಕಾರ್ಬುರೇಟರಿಗೆ ಗಟ್ಟಿ ಸ್ಪ್ರಿಂಗ್ ಹಾಕಿಸಿ. ನಾವು ವೇಗಕ್ಕೆಂದು ಮೆತ್ತನೆಯದು ಹಾಕಿದ್ದೆವು, ಅದೂ ತಪ್ಪು. ಮೋಟಾರಿಗೆ ಹೊಸ ತೋಳು, ಹೊಸ ಸ್ಕ್ರೂ ಹಾಕಿ. ಕಟ್ಟಿಟ್ಟಿರುವ ಹಳೆಯದೆರಡನ್ನೂ ಎಸೆದುಬಿಡಿ ಅತ್ತಿಗೆ. ಇಟ್ಟುಕೊಂಡು ಏನು ಮಾಡುತ್ತೀರಿ? ಕೈಮುಗಿದು ಕೇಳುತ್ತೇನೆ, ಎಸೆದುಬಿಡಿ.


೧೪ ಏಪ್ರಿಲ್

ಮೈದುನನಿಗೆ,

ನಿನಗೆ ಏನೆಂದು ಬರೆಯಲಿ? ಮೂರು ಹಾಳೆ ಹರಿದು ಹಾಕಿದ್ದೇನೆ.

ಎಸೆದುಬಿಡಿ ಎಂದೆ. ಒಂದು ಸಲ ಹೇಳಿದ್ದರೆ ಎಸೆಯುತ್ತಿದ್ದೆನೇನೋ. ಎರಡು ಸಲ ಹೇಳಿ, ಕೈಯನ್ನೂ ಮುಗಿದೆ. ಮುರಿಯದ ಬಿಡಿಭಾಗವನ್ನು ನಾನು ಎಸೆಯುವವಳಲ್ಲ ಎಂದು ನಿನಗೆ ಗೊತ್ತು. ಕರವಸ್ತ್ರ ಬಿಚ್ಚಿ, ಬಟ್ಟಲಲ್ಲಿ ಪೆಟ್ರೋಲು ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ಮೊದಲು ತೋಳು. ಕೊಳೆ ಬಿಟ್ಟಿತು. ಗೆರೆ ಬಿಡಲಿಲ್ಲ.

ಬಿಳಿ.

ಬಿಸಿಲಿಗೆ ಹಿಡಿದು ನೋಡಿದೆ. ಹೊಳಪಿದೆ. ತುದಿಯಲ್ಲಿ ಸಣ್ಣ ಬಾಲ ಎಡಕ್ಕೆ ತಿರುಗಿದೆ. ನಾನು ಕುಂಚ ಎತ್ತುವಾಗ ಯಾವಾಗಲೂ ಹಾಗೆ ಬಾಲ ಉಳಿಯುತ್ತದೆ. "ನಿನ್ನ ಗೆರೇಗೆ ಬಾಲ ಬೇರೆ, ಎಮ್ಮೆಗೆ ಒಂದಿದೆಯಲ್ಲ ಸಾಲದಾ?" ಎಂದು ಅವರು ರೇಗಿಸುತ್ತಿದ್ದರು. ಚಕ್ರಗಳ ಮೇಲಿನ ಹಳೆಯ ಗೆರೆಗಳ ಪಕ್ಕ ಇಟ್ಟು ನೋಡಿದೆ. ನೋಡುವ ಅಗತ್ಯವಿರಲಿಲ್ಲ.

ನೀನು ಹಳದಿ ಗೆರೆ ಎಂದು ಬರೆದೆ. ಬಣ್ಣ ಕಾಣುತ್ತಿಲ್ಲ ಎಂದು ನಾನೇ ನಿನಗೆ ತಿಳಿಸಿದ್ದೆ. ನೀನು ಅದನ್ನೇ ಹಿಡಿದುಕೊಂಡೆ.

ಈಗ ನನಗೆ ಆ ಬೆಳಗು ಪೂರ್ತಿ ನೆನಪಿದೆ. ಇಷ್ಟು ದಿನ ನೆನಪಿರಲಿಲ್ಲ ಎಂದರೆ ನಂಬುತ್ತೀಯೋ ಇಲ್ಲವೋ. ಗಾಡಿ ಟೆಂಟಿನೊಳಗೆ ಮೇಜಿನ ಮೇಲಿತ್ತು. ನೀನು ನೀಲಿ ಗೋಂದಿನ ಟ್ಯೂಬ್ ಖಾಲಿಯಾಗಿದೆ ಎಂದು ಪಕ್ಕದ ಟೆಂಟಿಗೆ ಕೇಳಲು ಹೋಗಿದ್ದೆ. ಅವರು ಬಗ್ಗಿ ಹಿಂದಿನ ಚಕ್ರ ಬಿಗಿ ಮಾಡುತ್ತಿದ್ದರು. "ಆಯ್ತು, ಬೇಗ ಬೇಗ ಎಳಿ, ಈಗ ಕೂಗ್ತಾರೆ" ಎಂದರು. ಅದು ಚಕ್ರಕ್ಕೆ ಹೇಳಿದ ಆಯ್ತು. ಚಕ್ರಕ್ಕೆ ಎಳೆದೆ. ಪೆಟ್ಟಿಗೆಯ ಮುಚ್ಚಳ ತೆರೆದಿತ್ತು. ಒಳಗೆ ಎಲ್ಲದಕ್ಕೂ ಗೆರೆಯಿತ್ತು, ನಡುವಿನ ಒಂದು ಸ್ಕ್ರೂ ಮಾತ್ರ ಬೋಳಾಗಿತ್ತು. ಕುಂಚದಲ್ಲಿ ಇನ್ನೂ ಬಣ್ಣವಿತ್ತು. ಒಣಗಿಹೋಗುತ್ತದೆ ಎನಿಸಿತು. ಎಳೆದೆ. ಮುಟ್ಟಿ ನೋಡಲಿಲ್ಲ. ಕೇಳಲಿಲ್ಲ. ನನ್ನ ಪಾಲಿನದಲ್ಲ ಎಂದು ಹೊಳೆಯಲೂ ಇಲ್ಲ. ಫ್ಯಾಕ್ಟರಿಯಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಆ ದಿನವೇ ಲೈನಿನಿಂದ ಎಬ್ಬಿಸುತ್ತಿದ್ದೆ.

ನೀನು ಗೋಂದು ತಂದೆ, ನೋಡಿದೆ, ಗೆರೆಯಿದೆ. ಅತ್ತಿಗೆಯ ಗೆರೆ. ಹಾಗಾದರೆ ಅಣ್ಣ ಹಳೆಯ ಟ್ಯೂಬಿನಿಂದಲೇ ಒಂದು ಹನಿ ಹಿಂಡಿ ಮುಗಿಸಿ ಆಯ್ತು ಎಂದಿದ್ದಾನೆ ಎಂದುಕೊಂಡೆ. ಮುಚ್ಚಳ ಹಾಕಿದೆ. ನನ್ನ ಕೈಯನ್ನು ನಂಬಿದೆ, ಅಷ್ಟೇ ನೀನು ಮಾಡಿದ ತಪ್ಪು.

ಆಸ್ಪತ್ರೆಯ ಮೆಟ್ಟಿಲ ಮೇಲೆ ನಾನು ಕೂಗಿದಾಗ ನಿನಗೆ ಇದೆಲ್ಲ ಗೊತ್ತಿತ್ತು. ನಿನ್ನ ಅಂಗಿಯ ಕಾಲರ್ ನನ್ನ ಕೈಯಲ್ಲಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಯಾಕೆ ಹೇಳಲಿಲ್ಲ? ನನಗೆ ಒಳ್ಳೆಯದು ಮಾಡಿದೆನೆಂದು ತಿಳಿದೆಯಾ? ಒಂದು ವರ್ಷ ನಾನು ನಿನ್ನನ್ನು ದಿನಾ ಶಪಿಸಿದ್ದೇನೆ, ಹಲ್ಲುಜ್ಜುವಾಗ, ಬಸ್ಸಿನಲ್ಲಿ, ಯಂತ್ರಕ್ಕೆ ಎಣ್ಣೆ ಬಿಡುವಾಗ. ಅದನ್ನೆಲ್ಲ ಈಗ ಎಲ್ಲಿ ಇಡಲಿ?

ಮಗನನ್ನು ಅತ್ತೆಯಿಂದ ಕಿತ್ತವಳು ನಾನು. ಒಬ್ಬನನ್ನಲ್ಲ, ಇಬ್ಬರನ್ನು. ಮೊದಲನೆಯದು ಗೊತ್ತಿಲ್ಲದೆ ಆದದ್ದು. ಎರಡನೆಯದನ್ನು ನಿನ್ನ ಪತ್ರ ಹಿಡಿದು ಅಕ್ಷರ ಬಿಡದೆ ಓದಿ ಮಾಡಿದೆ.

ಈ ಪತ್ರವನ್ನೂ ಅಕ್ಷರ ಬಿಡದೆ ಅವರಿಗೆ ಓದುತ್ತೇನೆ. ಓದಿದ ಮೇಲೆಯೇ ಕವರಿಗೆ ಹಾಕುವುದು.


೧೮ ಏಪ್ರಿಲ್

ಅದೇ ಪತ್ರಕ್ಕೆ ಸೇರಿಸಿ ಬರೆಯುತ್ತಿದ್ದೇನೆ.

ಓದಿದೆ. ಮುಗಿದ ಮೇಲೆ ಅತ್ತೆ ಕೈ ಚಾಚಿದರು. ತೋಳನ್ನು ಅಂಗೈಯಲ್ಲಿ ಇಟ್ಟೆ. ಹೆಬ್ಬೆರಳಿನಿಂದ ಸವರಿದರು. ಉಗುರು ಬಣ್ಣ ಉಬ್ಬಿಕೊಂಡಿರುತ್ತದಲ್ಲ, ಬೆರಳಿಗೆ ಸಿಗುತ್ತದೆ. "ಇದಾ?" ಎಂದರು. ಹೌದು ಎಂದೆ. ಆಮೇಲೆ, "ಅವನಿಗೆ ಬಾ ಅಂತ ಬರಿ. ಅಮ್ಮ ಕರೀತಿದಾಳೆ ಅಂತ ಬರಿ" ಎಂದರು.

ಅದೇ ಕೊನೆ. ನಾಲ್ಕು ದಿನವಾಯಿತು, ನನ್ನ ಜೊತೆ ಮಾತಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಟ್ಟೆ ಮುಂದಿಟ್ಟರೆ ಉಣ್ಣುತ್ತಾರೆ. ನೀರು ಬೇಕಾದರೆ ನನ್ನನ್ನು ಕರೆಯುವುದಿಲ್ಲ, ಗೋಡೆ ಹಿಡಿದುಕೊಂಡು ತಾವೇ ಹೋಗುತ್ತಾರೆ. ಹಾಸಿಗೆಯನ್ನು ನಿನ್ನ ಕೋಣೆಗೆ ಎಳೆದುಕೊಂಡಿದ್ದಾರೆ. ನಾನು ದೂರುತ್ತಿಲ್ಲ. ಇರುವುದನ್ನು ಬರೆದೆ. ಆಪರೇಷನ್ ಮೇ ಆರಕ್ಕೆ. ಕಣ್ಣು ಬಿಟ್ಟಾಗ ಎದುರಿಗೆ ನೀನಿರಬೇಕು, ನಾನು ಹೊರಗಿರುತ್ತೇನೆ.

ಇವತ್ತು ಸೆಕ್ರೆಟರಿ ಬಂದಿದ್ದರು. ಭಾನುವಾರ ಎಮ್ಮೆ ಬರುವುದಿಲ್ಲ ಎಂದೆ. "ಎಲ್ಲಾ ರೆಡಿ ಇದೆಯಲ್ಲಮ್ಮಾ, ಇನ್ನೇನು ಬಾಕಿ?" ಎಂದು ಕೇಳಿದರು. ಒಂದು ಗೆರೆ ಬಾಕಿ ಇದೆ ಎಂದೆ. ಅವರಿಗೆ ಅರ್ಥವಾಗಲಿಲ್ಲ, ಮೀಸೆ ತಿರುವಿಕೊಂಡು ಹೋದರು.

ಬಾಕಿ ಇರುವುದು ನಿಜ. ಗಟ್ಟಿ ಸ್ಪ್ರಿಂಗ್ ಹಾಕಿಸಿದೆ. ಹೊಸ ಪೆಟ್ಟಿಗೆ, ಹೊಸ ತೋಳು, ಹೊಸ ಸ್ಕ್ರೂ. ಒಂದು ಹನಿ ನೀಲಿ ಗೋಂದು ಬಿಟ್ಟು ಬಿಗಿ ಮಾಡಿದೆ. ಕಟ್ಟಳೆಯ ಪ್ರಕಾರ ಗಟ್ಟಿಯಾಗಿ "ಆಯ್ತು" ಎಂದೆ. ಪಕ್ಕದ ಕೋಣೆಯಲ್ಲಿ ಅತ್ತೆ ಎದ್ದು ಕೂತ ಸದ್ದು ಕೇಳಿಸಿತು. ಯಾರೂ ಬರಲಿಲ್ಲ. ಬಿಗಿ ಮಾಡಿದವಳು ನಾನು, ನಾನು ಎಳೆಯುವ ಹಾಗಿಲ್ಲ. ಉಗುರು ಬಣ್ಣದ ಶೀಶೆಯನ್ನು ಮೊನ್ನೆಯೇ ಕಸಕ್ಕೆ ಹಾಕಿದೆ.

ಮುಚ್ಚಳ ತೆರೆದೇ ಇಟ್ಟಿದ್ದೇನೆ. ನೀನು ಬಂದು ಮುಟ್ಟಿ ನೋಡು. ಸರಿಯಿದ್ದರೆ ಎಳೆ. ಬರುವಾಗ ಒಂದು ಹಳದಿ ಪೆನ್ನು ತೆಗೆದುಕೊಂಡು ಬಾ, ಮನೆಯಲ್ಲಿರುವುದು ಒಣಗಿದೆ.

ನಿನ್ನ ಅತ್ತಿಗೆ